ತೊನ್ನಿನ ಚಿಕಿತ್ಸೆ: ಔಷಧದ ಚೀಟಿ ಕೈಗೆ ಬಂದ ಮೇಲೆ ನರ್ಸ್ ಏನೇನು ಹೇಳಿಕೊಡಬೇಕು?

ತಾಲ್ಲೂಕು_ಸಿಸ್ಟರ್:
ಚರ್ಮದ ಓಪಿಡಿಯಲ್ಲಿ ಒಬ್ಬೊಬ್ಬರಿಗೆ ಡಾಕ್ಟರ ಹತ್ತಿರ ಸಿಗುವುದು ನಾಲ್ಕೈದು ನಿಮಿಷ. ಹೊರಗೆ ಬಂದವರು ಚೀಟಿ ಹಿಡಿದುಕೊಂಡು ನರ್ಸನ್ನೇ ಕೇಳುತ್ತಾರೆ: ಇದು ಅಂಟುತ್ತಾ, ಮೊಸರು ಬಿಡಬೇಕಾ, ಈ ಮುಲಾಮು ಎಷ್ಟು ಹಚ್ಚಬೇಕು, ಲೈಟ್‌ಗೆ (ಬೆಳಕಿನ ಚಿಕಿತ್ಸೆಗೆ) ಎಷ್ಟು ಸಲ ಬರಬೇಕು, ಮಕ್ಕಳಿಗೂ ಬರುತ್ತಾ. "ಡಾಕ್ಟರ್ ಹೇಳಿದ ಹಾಗೆ ಮಾಡಿ" ಎಂದು ಕಳಿಸಿದರೆ ಅವರು ಎರಡು ತಿಂಗಳಲ್ಲಿ ಚಿಕಿತ್ಸೆ ಬಿಟ್ಟು ಯಾವುದೋ ಜಾಹೀರಾತಿನ ಎಣ್ಣೆಗೆ ಹೋಗುತ್ತಾರೆ. ಚರ್ಮ ವಿಭಾಗ, ಫೋಟೋಥೆರಪಿ, ಫಾರ್ಮಸಿಯಲ್ಲಿ ಕೆಲಸ ಮಾಡುವವರು ದಯವಿಟ್ಟು ಅಳತೆ, ದಿನ, ಲೆಕ್ಕ ಸಮೇತ ಬರೆಯಿರಿ. "ಧೈರ್ಯ ತುಂಬಿ" ಎನ್ನುವ ಮಾತು ಎಲ್ಲ ಪುಸ್ತಕದಲ್ಲೂ ಇದೆ, ಅದು ಸಾಲುವುದಿಲ್ಲ.

ಚರ್ಮ_ವಿಭಾಗ_ನರ್ಸ್:
ಮೊದಲ ಭೇಟಿಯಿಂದಲೇ ಶುರು ಮಾಡೋಣ.

ಮಚ್ಚೆ ಮುಟ್ಟಿ ನೋಡುವಾಗ ಗ್ಲೌಸ್ ಬೇಡ. ಗಾಯ, ರಸಿಕೆ ಇದ್ದರೆ ಮಾತ್ರ ಹಾಕಿ. ತೊನ್ನು ಸೋಂಕಲ್ಲ. ದೇಹದ ರೋಗನಿರೋಧಕ ಕಣಗಳು, ಅದರಲ್ಲೂ ಟಿ ಕಣಗಳು, ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕಣಗಳನ್ನೇ ಹೊಡೆದುಹಾಕುವುದರಿಂದ ಬರುವ ಸ್ಥಿತಿ. ಇದನ್ನು ಬಾಯಲ್ಲಿ ಹತ್ತು ಸಲ ಹೇಳಿ ಗ್ಲೌಸ್ ಹಾಕಿಕೊಂಡು ಮುಟ್ಟಿದರೆ ಜೊತೆಗೆ ಬಂದ ಅತ್ತೆ ನಂಬುವುದು ಗ್ಲೌಸನ್ನೇ. ಬರಿಗೈಯಲ್ಲಿ ಮುಟ್ಟಿ, ಆಮೇಲೆ ಎಲ್ಲ ರೋಗಿಗಳಿಗೂ ಮಾಡುವಂತೆ ಕೈ ತೊಳೆಯಿರಿ.

ಹೆಸರಿನ ಗೊಂದಲ ದೊಡ್ಡದು. ಹಳಬರ ಬಾಯಲ್ಲಿ "ತೊನ್ನು" ಎಂದರೆ ಕುಷ್ಠವೂ ಹೌದು, "ಬಿಳಿ ಕುಷ್ಠ" ಎನ್ನುವವರೂ ಇದ್ದಾರೆ. ಹಾಗಾಗಿ ಮೊದಲೇ "ಇದಕ್ಕೂ ಕುಷ್ಠಕ್ಕೂ ಸಂಬಂಧ ಇಲ್ಲ" ಎಂದು ಬಿಡಿಸಿ ಹೇಳಿ, ತೋರಿಸಿಯೂ ಕೊಡಿ. ಹತ್ತಿಯ ಎಳೆಯೊಂದನ್ನು ಹೊಸೆದು ತುದಿ ಚೂಪು ಮಾಡಿ. ರೋಗಿ ಕಣ್ಣು ಮುಚ್ಚಿರಲಿ. ಮಚ್ಚೆಯ ಮೇಲೊಮ್ಮೆ, ಪಕ್ಕದ ಚರ್ಮದ ಮೇಲೊಮ್ಮೆ ಮುಟ್ಟಿಸಿ, ಮುಟ್ಟಿದ ಜಾಗವನ್ನು ಬೆರಳಲ್ಲಿ ತೋರಿಸಲು ಹೇಳಿ. ತೊನ್ನಿನಲ್ಲಿ ಸ್ಪರ್ಶ ಪೂರ್ತಿ ಇರುತ್ತದೆ. ಸ್ಪರ್ಶ ಮಂಕಾಗಿದ್ದರೆ, ಬಣ್ಣ ಪೂರ್ತಿ ಹೋಗದೆ ಬರೀ ತಿಳಿಯಾಗಿದ್ದರೆ, ಕುಷ್ಠದ ತಪಾಸಣೆಗೆ ಅವತ್ತೇ ಕಳಿಸಿ. ಎಳೆಯನ್ನು ಎಳೆದಾಡಬೇಡಿ, ಬರೀ ತಾಗಿಸಿ. ಎಳೆದರೆ ಪಕ್ಕದ ಚರ್ಮಕ್ಕೂ ಗೊತ್ತಾಗಿ ಪರೀಕ್ಷೆ ಕೆಡುತ್ತದೆ.

ಎದೆ, ಬೆನ್ನು, ಕುತ್ತಿಗೆಯಲ್ಲಿ ನವಿರಾದ ಹೊಟ್ಟು ಉದುರುವ ತಿಳಿ ಕಲೆ ಇದ್ದರೆ ಅದು ಸಾಮಾನ್ಯವಾಗಿ ಚಿಬ್ಬು. ಶಾಲೆ ಮಕ್ಕಳ ಕೆನ್ನೆ ಮೇಲೆ ಒಣಗಿದ, ಅಂಚು ಸರಿಯಾಗಿ ಕಾಣದ ತಿಳಿ ಕಲೆ ಬೇರೆಯೇ, ಜಂತುಹುಳುವಿನಿಂದ ಬಂತು ಎಂದು ಮನೆಯಲ್ಲಿ ಹೇಳುವುದು ಅದನ್ನೇ. ತೊನ್ನಿನ ಮಚ್ಚೆ ಹಾಲಿನಂತೆ ಬಿಳಿ, ಅಂಚು ಸ್ಪಷ್ಟ, ಹೊಟ್ಟಿಲ್ಲ. ವುಡ್ಸ್ ಲ್ಯಾಂಪ್ (ಚರ್ಮ ನೋಡುವ ನೇರಳಾತೀತ ದೀಪ) ಇದ್ದರೆ ಕೋಣೆ ಪೂರ್ತಿ ಕತ್ತಲೆ ಮಾಡಿ, ಒಂದು ನಿಮಿಷ ಕಣ್ಣು ಹೊಂದಿಕೊಂಡ ಮೇಲೆ ನೋಡಿ. ಮಚ್ಚೆ ನೀಲಿ ಮಿಶ್ರಿತ ಬಿಳಿಯಾಗಿ ಹೊಳೆಯುತ್ತದೆ. ಮುಲಾಮು, ಪೌಡರ್ ಹಚ್ಚಿಕೊಂಡಿದ್ದರೆ ಅದೂ ಹೊಳೆಯುತ್ತದೆ, ಮೊದಲು ಒರೆಸಿ.

ಚರ್ಮವೈದ್ಯ_ಧಾರವಾಡ:
ಸಿಸ್ಟರ್ ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ರೋಗ ಹರಡುತ್ತಿದೆಯೋ ನಿಂತಿದೆಯೋ ಎಂಬುದು ಚಿಕಿತ್ಸೆಯ ದಿಕ್ಕನ್ನೇ ಬದಲಿಸುತ್ತದೆ, ಅದನ್ನು ಮೊದಲು ಗುರುತಿಸುವುದು ಬಹಳ ಸಲ ನರ್ಸೇ. ಮೂರು ಗುರುತು. ದೊಡ್ಡ ಮಚ್ಚೆಯ ಸುತ್ತ ಅಕ್ಷತೆ ಚೆಲ್ಲಿದಂತೆ ಪುಟ್ಟ ಪುಟ್ಟ ಬಿಳಿ ಚುಕ್ಕಿ. ಬಿಳಿಗೂ ಮೈಬಣ್ಣಕ್ಕೂ ನಡುವೆ ಮೂರನೆಯದೊಂದು ಮಧ್ಯದ ಬಣ್ಣದ ಪಟ್ಟಿ. ಗೀರಿದ, ಸುಟ್ಟ, ಉಜ್ಜಿದ ಜಾಗದಲ್ಲೇ ಗೆರೆಯಂತೆ ಹೊಸ ಮಚ್ಚೆ. ಇದಕ್ಕೆ ಕೋಬ್ನರ್ ಎನ್ನುತ್ತೇವೆ. ಇವುಗಳಲ್ಲಿ ಯಾವುದು ಕಂಡರೂ "ಮುಂದಿನ ತಿಂಗಳು ಬನ್ನಿ" ಎನ್ನಬೇಡಿ, ಅಂದೇ ನಮಗೆ ತೋರಿಸಿ.

ಮಚ್ಚೆಯೊಳಗಿನ ಕೂದಲನ್ನೂ ನೋಡಿ. ಬಣ್ಣ ಮರಳುವುದು ಮುಖ್ಯವಾಗಿ ಕೂದಲ ಬುಡದಲ್ಲಿ ಉಳಿದ ಕಣಗಳಿಂದ. ಅದಕ್ಕೇ ಮೊದಲು ಸಾಸಿವೆಯಂಥ ಕಂದು ಚುಕ್ಕಿಗಳು ಮೂಡುತ್ತವೆ. ಕೂದಲೂ ಬೆಳ್ಳಗಾಗಿದ್ದರೆ ಔಷಧದಿಂದ ಬಣ್ಣ ಬರುವುದು ಕಷ್ಟ. ತುಟಿ, ಬೆರಳ ತುದಿ, ಪಾದದಲ್ಲಿ ಕೂದಲೇ ಕಡಿಮೆ, ಅಲ್ಲಿ ನಿಧಾನ. ಮುಖ, ಕುತ್ತಿಗೆ ಎಲ್ಲಕ್ಕಿಂತ ಬೇಗ. ಇದನ್ನು ಮೊದಲ ದಿನವೇ ಹೇಳಿ. ಇಲ್ಲದಿದ್ದರೆ ಕೆನ್ನೆ ತುಂಬಿ ಬಂದರೂ ಬೆರಳು ಬೆಳ್ಳಗೇ ಇದೆ ಎಂದು ಬೇಸರಪಟ್ಟು ಎಲ್ಲವನ್ನೂ ನಿಲ್ಲಿಸುತ್ತಾರೆ.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಮುಖ್ಯ, ಟಿಎಸ್‌ಎಚ್ ಮಾಡಿಸಿ. ವಿಪರೀತ ಸುಸ್ತು, ತೂಕದಲ್ಲಿ ಏರುಪೇರು, ಮುಟ್ಟಿನ ತೊಂದರೆ, ತಲೆಯಲ್ಲಿ ದುಂಡಗೆ ಕೂದಲುದುರಿದ ಜಾಗ ಇದೆಯೇ ಎಂದು ಕೇಳಿ ಬರೆದಿಡಿ.

ಫೋಟೋಥೆರಪಿ_ಕೋಣೆ:
ಈಗ ಲೈಟ್ ವಿಷಯ. ಜನ ಅರ್ಧಕ್ಕೇ ಬಿಡುವುದು ಇಲ್ಲೇ, ತಪ್ಪುಗಳಾಗುವುದೂ ಇಲ್ಲೇ. ಹಾಗಾಗಿ ಉದ್ದ ಬರೆಯುತ್ತೇನೆ.

ಬಳಸುವುದು ನ್ಯಾರೋಬ್ಯಾಂಡ್ ಯುವಿಬಿ ಎಂಬ ನೇರಳಾತೀತ ಬೆಳಕು, 311ರಿಂದ 313 ನ್ಯಾನೋಮೀಟರ್ ಅಲೆ. ವಾರಕ್ಕೆ ಎರಡು ಅಥವಾ ಮೂರು ಸಲ, ಎರಡು ದಿನ ಒಟ್ಟಿಗೆ ಬೇಡ. ಚರ್ಮ ಕೆಂಪಾಗುವುದು ಹೆಚ್ಚಾಗಿ 12ರಿಂದ 24 ಗಂಟೆಯೊಳಗೆ, ಮರುದಿನವೇ ಮತ್ತೆ ಕೊಟ್ಟರೆ ನಿನ್ನೆಯ ಸುಡುವಿಕೆ ಕಾಣುವ ಮೊದಲೇ ಇನ್ನೊಂದು ಬೀಳುತ್ತದೆ. ಶುರು ಚದರ ಸೆಂಟಿಮೀಟರ್‌ಗೆ 200 ಮಿಲಿಜೂಲ್, ಮೈಬಣ್ಣ ಯಾವುದಾದರೂ ಅಷ್ಟೇ, ಏಕೆಂದರೆ ಬಿಳಿ ಮಚ್ಚೆಗೆ ರಕ್ಷಣೆ ಎಲ್ಲರಲ್ಲೂ ಒಂದೇ. ಪ್ರತಿ ಸಲ 10ರಿಂದ 20 ಶೇಕಡಾ ಏರಿಕೆ. ಶೇಕಡಾ 20ರಂತೆ ಏರಿಸಿದರೆ 200, 240, 288, 346. ಮುಖಕ್ಕೆ 1500, ಮೈಗೆ 3000 ಮೇಲ್ಮಿತಿ.

ಪ್ರತಿ ಸಲ ಯಂತ್ರ ಹಚ್ಚುವ ಮೊದಲು ಕೇಳಬೇಕಾದ್ದು ಒಂದೇ: "ಹೋದ ಸಲ ಆದಮೇಲೆ ಮರುದಿನ ಮಚ್ಚೆ ಹೇಗಿತ್ತು?" ಏನೂ ಆಗಿರಲಿಲ್ಲ ಎಂದರೆ ಏರಿಸಿ. ತಿಳಿ ಗುಲಾಬಿಯಾಗಿ, ಉರಿ ಇಲ್ಲದಿದ್ದರೆ ಅದೇ ಡೋಸ್ ಇರಲಿ, ಗುಲಾಬಿ ಹೋದಮೇಲೆ ಏರಿಸಿ. ಕಡುಗೆಂಪಾಗಿದ್ದರೆ ಅವತ್ತು ಕೊಡಬೇಡಿ, ತಿಳಿಯಾದ ಮೇಲೆ ಹಿಂದೆ ತಡೆದುಕೊಂಡ ಡೋಸ್‌ನಿಂದ ಶುರು ಮಾಡಿ. ನೋವು, ಗುಳ್ಳೆ ಇದ್ದರೆ ಡಾಕ್ಟರಿಗೆ ತೋರಿಸಿ, ಪೂರ್ತಿ ಮಾಗುವವರೆಗೆ ನಿಲ್ಲಿಸಿ.

ಡೋಸ್ ಲೆಕ್ಕ ಸರಳ: ಟ್ಯೂಬಿನ ಶಕ್ತಿ ಗುಣಿಸು ಸೆಕೆಂಡು. ಮೀಟರ್ 4 ಮಿಲಿವ್ಯಾಟ್ ತೋರಿಸಿದರೆ 200 ಮಿಲಿಜೂಲ್‌ಗೆ 50 ಸೆಕೆಂಡು. ಅನಾಹುತ ಆಗುವುದು ಟ್ಯೂಬ್ ಬದಲಿಸಿದ ವಾರ. ಹೊಸ ಟ್ಯೂಬ್ 6 ಮಿಲಿವ್ಯಾಟ್ ಕೊಡುತ್ತಿದ್ದರೆ ಅದೇ 50 ಸೆಕೆಂಡಿಗೆ 300 ಬೀಳುತ್ತದೆ. ಆದ್ದರಿಂದ ಕಾರ್ಡಿನಲ್ಲಿ ಬರೀ ಸೆಕೆಂಡು ಬರೆಯಬೇಡಿ, ಮಿಲಿಜೂಲೇ ಬರೆಯಿರಿ. ಮಧ್ಯೆ ಕರೆಂಟ್ ಹೋದರೆ ಅಷ್ಟರವರೆಗೆ ಬಿದ್ದದ್ದನ್ನು ಬರೆದಿಡಿ, ಅಂದಾಜಿನ ಮೇಲೆ ಮೊದಲಿನಿಂದ ಕೊಡಬೇಡಿ.

ಯುವಿ ತಡೆಯುವ ಕನ್ನಡಕ ಕಡ್ಡಾಯ, ಒಳಗೆ ಹೋಗುವ ಮೊದಲೇ. ಗಂಡಸರಿಗೆ ಜನನಾಂಗ ಮುಚ್ಚುವ ಬಟ್ಟೆ. ರೆಪ್ಪೆ ಮೇಲೆ ಮಚ್ಚೆ ಇದ್ದರೆ ಏನು ಮಾಡಬೇಕೆಂದು ಡಾಕ್ಟರೇ ಬರೆದುಕೊಡಲಿ. ಒಳಗೆ ಹಾಕುವ ಬಟ್ಟೆ ಪ್ರತಿ ಸಲ ಒಂದೇ ಇರಲಿ. ಇಪ್ಪತ್ತು ಸಲ ಆದಮೇಲೆ ಒಂದು ದಿನ ಗಿಡ್ಡ ಚಡ್ಡಿ ಹಾಕಿಕೊಂಡು ಬಂದರೆ, ಅಷ್ಟು ದಿನ ಬೆಳಕು ಕಾಣದ ತೊಡೆಗೆ ಒಮ್ಮೆಲೇ ದೊಡ್ಡ ಡೋಸ್ ಬಿದ್ದು ಗುಳ್ಳೆ ಏಳುತ್ತದೆ. ಕೂದಲು ಗಿಡ್ಡ ಮಾಡಿಸಿದರೆ ಕತ್ತಿನ ಹಿಂಭಾಗಕ್ಕೂ ಅದೇ ಗತಿ. ಮುಲಾಮು, ಸುಗಂಧ, ಮೇಕಪ್ ಯಾವುದೂ ಮೈಮೇಲೆ ಇರಬಾರದು. ಹೊಸದಾಗಿ ಯಾವ ಮಾತ್ರೆ ಶುರುವಾಗಿದೆ ಎಂದೂ ಕೇಳಿ, ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಜೈಡ್‌ನಂಥವು ಬೆಳಕಿಗೆ ಚರ್ಮವನ್ನು ಸೂಕ್ಷ್ಮ ಮಾಡುತ್ತವೆ.

ತಾಲ್ಲೂಕು_ಸಿಸ್ಟರ್:
ಹಬ್ಬ, ಸುಗ್ಗಿ, ಪರೀಕ್ಷೆ ಎಂದು ಎರಡು ವಾರ ತಪ್ಪಿಸಿಕೊಂಡು ಬರುತ್ತಾರಲ್ಲ, ಆಗ? ಮತ್ತೆ ಒಟ್ಟು ಎಷ್ಟು ಸಲ ಎಂದು ಹೇಳಬೇಕು?

ಫೋಟೋಥೆರಪಿ_ಕೋಣೆ:
4ರಿಂದ 7 ದಿನ ಅಂತರವಾದರೆ ಹಿಂದಿನ ಡೋಸೇ. 8ರಿಂದ 14 ದಿನಕ್ಕೆ ಕಾಲು ಭಾಗ ಕಡಿಮೆ. 15ರಿಂದ 21 ದಿನಕ್ಕೆ ಅರ್ಧ. ಮೂರು ವಾರ ದಾಟಿದರೆ ಮತ್ತೆ 200ರಿಂದ. ಈ ಪಟ್ಟಿಯನ್ನು ಯಂತ್ರದ ಬಾಗಿಲಿಗೇ ಅಂಟಿಸಿ, ಪಾಳಿ ಬದಲಾದಾಗ ಹೊಸಬರು ತಪ್ಪು ಮಾಡುವುದಿಲ್ಲ.

ಒಟ್ಟು ಲೆಕ್ಕ: ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಳಲು ಕನಿಷ್ಠ 48 ಸಲ ಬೇಕು, ಕೆಲವರಿಗೆ 72. ವಾರಕ್ಕೆ ಎರಡು ಎಂದರೆ 48ಕ್ಕೇ ಸುಮಾರು ಆರು ತಿಂಗಳು. ಇದನ್ನು ಮೊದಲೇ ಹೇಳದಿದ್ದರೆ ಹದಿನೈದನೇ ಸಲಕ್ಕೆ "ಏನೂ ಆಗಲಿಲ್ಲ" ಎಂದು ಬಿಡುತ್ತಾರೆ. ಬಸ್ಸಿನಲ್ಲಿ ದೂರದಿಂದ ಬರುವವರು, ಕೂಲಿ ಬಿಟ್ಟು ಬರುವವರು ಇದ್ದರೆ ವಾರಕ್ಕೆ ಎರಡೇ ನಿಗದಿ ಮಾಡಿ, ಸಂತೆಯ ದಿನ ಸೇರಿಸಿ. ಕಾಗದದ ಮೇಲೆ ಮೂರು, ನಿಜದಲ್ಲಿ ಒಂದು ಎನ್ನುವುದಕ್ಕಿಂತ ತಪ್ಪದೆ ಎರಡು ಮೇಲು.

ಬಸುರಿಯರಿಗೂ ಈ ಲೈಟ್ ಕೊಡಬಹುದು, ಆದರೆ ಫೋಲಿಕ್ ಆಮ್ಲದ ಮಾತ್ರೆ ತಪ್ಪದೆ ನುಂಗುತ್ತಿದ್ದಾರೆಯೇ ನೋಡಿ. ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡಲು ಬಾಯಿಗೆ ಕೊಡುವ ಸೋರಲೆನ್ ಮಾತ್ರೆಯ ಚಿಕಿತ್ಸೆ ಅವರಿಗೆ ಬೇಡ.

ಫಾರ್ಮಸಿ_ಕಿಟಕಿ:
ಮುಲಾಮಿನ ಲೆಕ್ಕ ನಾನು ಹೇಳುತ್ತೇನೆ. ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಬೆರಳು ಸೇರಿ ಎರಡು ಅಂಗೈ ಅಗಲಕ್ಕೆ ಸಾಕು. ರೋಗಿಯ ಒಂದು ಅಂಗೈ ಎಂದರೆ ಮೈಯ ಸುಮಾರು ಶೇಕಡಾ 1. ಹಾಗಾದರೆ ನಾಲ್ಕು ಅಂಗೈಯಷ್ಟು ಮಚ್ಚೆಗೆ ದಿನಕ್ಕೆ ಎರಡು ಸಲ ಹಚ್ಚಲು 2 ಗ್ರಾಂ ಬೇಕು, 10 ಗ್ರಾಂ ಟ್ಯೂಬ್ ಐದೇ ದಿನಕ್ಕೆ ಮುಗಿಯಬೇಕು. ಅದೇ ಟ್ಯೂಬ್ ಎರಡು ತಿಂಗಳು ಬಂದಿದ್ದರೆ ಔಷಧ ಸೋತಿದ್ದಲ್ಲ, ಹಚ್ಚಿಯೇ ಇಲ್ಲ. ಗದರಬೇಡಿ. ಹೆಚ್ಚಿನವರು ದುಡ್ಡಿಗಾಗಿ ಉಳಿಸುತ್ತಾರೆ. ಮುಖ, ಕೈಯಂಥ ಕಾಣುವ ಜಾಗ ಮೊದಲು ಆರಿಸಿಕೊಳ್ಳೋಣವೇ ಎಂದು ಡಾಕ್ಟರನ್ನು ಕೇಳಿ ಕೊಡಿ.

ಟ್ಯಾಕ್ರೋಲಿಮಸ್ ಮುಲಾಮು ದೊಡ್ಡವರಿಗೆ ಶೇಕಡಾ 0.1, ಸಣ್ಣ ಮಕ್ಕಳಿಗೆ 0.03. ಮೊದಲ ಒಂದೆರಡು ವಾರ ಉರಿ, ಬಿಸಿ ಅನ್ನಿಸುವುದು ಸಹಜ. ಸ್ನಾನ ಮಾಡಿ ಮೈ ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಉರಿ ಕಡಿಮೆ. ಲೈಟ್ ಇರುವ ದಿನ ಲೈಟ್ ಆದಮೇಲೆಯೇ. ಡಬ್ಬಿಯೊಳಗಿನ ಚೀಟಿಯಲ್ಲಿ ಕ್ಯಾನ್ಸರ್ ಎಂಬ ಮಾತು ಓದಿ ಹೆದರಿ ಬಿಸಾಡುವವರು ಬಹಳ, ಅದನ್ನು ನಾವೇ ಮೊದಲು ಎತ್ತಿ, ಯಾಕೆ ಕೊಟ್ಟಿದ್ದಾರೆಂದು ಡಾಕ್ಟರಿಂದ ಒಂದು ಮಾತು ಹೇಳಿಸಬೇಕು.

ಮೊಮೆಟಸೋನ್‌ನಂಥ ಸ್ಟೀರಾಯ್ಡ್ ಮುಲಾಮು ದಿನಕ್ಕೆ ಒಂದೇ ಸಲ, ಬರೆದುಕೊಟ್ಟಷ್ಟೇ ದಿನ. ರೆಪ್ಪೆಗೆ ತಾಗಬಾರದು. ಚರ್ಮ ತೆಳುವಾಗಿ ನರ ಕಾಣತೊಡಗಿದರೆ ನಿಲ್ಲಿಸಿ ಬರಲು ಹೇಳಿ. ಚೀಟಿ ಇಲ್ಲದೆ "ಅದೇ ಟ್ಯೂಬ್ ಕೊಡಿ" ಎಂದು ಬಂದವರನ್ನು ವಾಪಸ್ ಕಳಿಸುವ ಅಭ್ಯಾಸ ಎಲ್ಲ ಅಂಗಡಿಯಲ್ಲೂ ಬರಬೇಕು.

ಚರ್ಮವೈದ್ಯ_ಧಾರವಾಡ:
ರುಕ್ಸೋಲಿಟಿನಿಬ್ ಕ್ರೀಮ್ ಬಗ್ಗೆ ಅಂತರ್ಜಾಲದಲ್ಲಿ ಓದಿ ಕೇಳುತ್ತಾರೆ. ಶೇಕಡಾ 1.5ರ ಈ ಕ್ರೀಮ್‌ಗೆ ಅಮೆರಿಕದ ಔಷಧ ನಿಯಂತ್ರಕರು 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟರು, 12 ವರ್ಷ ಮೇಲ್ಪಟ್ಟವರಿಗೆ, ಮೈಯ ಶೇಕಡಾ 10ರವರೆಗೆ. ಅದೂ ತಿಂಗಳುಗಟ್ಟಲೆ ಹಚ್ಚುವ ಮದ್ದೇ, ವಾರದ ಪವಾಡ ಅಲ್ಲ.

ವೇಗವಾಗಿ ಹರಡುತ್ತಿದ್ದರೆ ವಾರಕ್ಕೆ ಎರಡು ದಿನದ ಸ್ಟೀರಾಯ್ಡ್ ಮಾತ್ರೆ ಕೊಡುತ್ತೇವೆ. ದೆಹಲಿಯ ಏಮ್ಸ್‌ನಲ್ಲಿ ರೂಪುಗೊಂಡ ಪದ್ಧತಿ. ಇಲ್ಲಿ ನರ್ಸ್ ಕೆಲಸ ಬಹಳ ಮುಖ್ಯ. 5 ಮಿಲಿಗ್ರಾಂ ಎಂದು ಬರೆದು ಅಂಗಡಿಯಲ್ಲಿ 0.5ರ ಮಾತ್ರೆ ಸಿಕ್ಕರೆ ಒಂದು ದಿನಕ್ಕೆ ಹತ್ತು ಮಾತ್ರೆ ಆಗುತ್ತದೆ. ಹೆದರಿ ದಿನಕ್ಕೊಂದರಂತೆ ನುಂಗುತ್ತಾರೆ, ಇಲ್ಲವೇ ಏಳೂ ದಿನ ಹತ್ತು ಹತ್ತು ನುಂಗುತ್ತಾರೆ. ಎರಡನೆಯದು ಅಪಾಯ. ಪೊಟ್ಟಣದ ಮೇಲೆ "ಶನಿವಾರ, ಭಾನುವಾರ ಮಾತ್ರ, ತಿಂಡಿ ಆದಮೇಲೆ" ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ, ಅವರ ಬಾಯಿಂದಲೇ ಒಮ್ಮೆ ಹೇಳಿಸಿ. ಪ್ರತಿ ಭೇಟಿಗೆ ತೂಕ, ಬಿಪಿ, ಸಕ್ಕರೆ. ಮಕ್ಕಳಿಗೆ ಎತ್ತರವೂ.

ಸಮುದಾಯ_ಆರೋಗ್ಯ:
ಮನೆ ಭೇಟಿಯಲ್ಲಿ ನೋಡಬೇಕಾದ್ದು ಉಜ್ಜುವ ಜಾಗಗಳು. ಸೊಂಟದಲ್ಲಿ ಲಂಗದ ಲಾಡಿ ಬಿಗಿಯುವ ಗೆರೆ, ಉಡಿದಾರ, ವಾಚಿನ ಪಟ್ಟಿ, ಬ್ರಾ ಪಟ್ಟಿ, ಕನ್ನಡಕದ ಮೂಗಿನ ಜಾಗ. ಲಾಡಿಯ ಬದಲು ಅಗಲ ಪಟ್ಟಿ ಹೊಲಿಸಿ, ಕಟ್ಟುವ ಜಾಗವನ್ನು ದಿನ ದಿನ ಸ್ವಲ್ಪ ಮೇಲೆ ಕೆಳಗೆ ಬದಲಿಸಲು ಹೇಳಿ. ಸ್ನಾನಕ್ಕೆ ತೆಂಗಿನ ನಾರು, ಒರಟು ಕಲ್ಲು ಬೇಡ.

ಹಣೆ ನಡುವೆ ಬಿಂದಿಯಷ್ಟೇ ದುಂಡಗಿನ ಬಿಳಿ ಇದ್ದರೆ ಸ್ಟಿಕ್ಕರ್ ಬಿಂದಿಯ ಅಂಟನ್ನು ಅನುಮಾನಿಸಿ. ಅದರಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಮೆಲನೋಸೈಟ್‌ಗಳನ್ನು ಕೊಲ್ಲಬಲ್ಲದು. ಪಾದದ ಮೇಲೆ ಹವಾಯಿ ಚಪ್ಪಲಿಯ ಪಟ್ಟಿಯ ಆಕಾರದಲ್ಲೇ ಬಿಳಿ ಬಂದಿದ್ದರೆ ರಬ್ಬರಿನ ರಾಸಾಯನಿಕ. ಬರೀ ಬಿಂದಿ ತೆಗೆಯಿರಿ ಎಂದರೆ ಹಣೆ ಖಾಲಿ ಬಿಡಲು ಒಪ್ಪುವುದಿಲ್ಲ. ಡಾಕ್ಟರನ್ನು ಕೇಳಿ, ಅಂಟಿಲ್ಲದ ಕುಂಕುಮವನ್ನು ಮಚ್ಚೆ ಬಿಟ್ಟು ಸ್ವಲ್ಪ ಮೇಲೆ ಇಡಲು ಸೂಚಿಸಿದರೆ ಒಪ್ಪುತ್ತಾರೆ. ಕೂದಲಿನ ಬಣ್ಣವನ್ನೂ ವಿಚಾರಿಸಿ.

ಊಟದ ಪಥ್ಯ: ಮೀನು ತಿಂದು ಹಾಲು ಕುಡಿದದ್ದಕ್ಕೆ ಬಂತು, ಹುಳಿ ಬಿಡಬೇಕು, ಬಿಳಿ ಪದಾರ್ಥ ಬಿಡಬೇಕು. ಇವಕ್ಕೆ ಆಧಾರ ಇಲ್ಲ. ಹಾಲು, ಮೊಸರು, ಮೊಟ್ಟೆ, ನಿಂಬೆ ಎಲ್ಲ ಬಿಡಿಸಿ ಬೆಳೆಯುವ ಹುಡುಗಿಗೆ ರಕ್ತಹೀನತೆ ತರಿಸುವುದೇ ನಿಜವಾದ ನಷ್ಟ.

ಹಳೇ_ವೈದ್ಯಪದ್ಧತಿ_ಓದುಗ:
ಆದರೆ ಬಾವಂಚಿ ಬೀಜವನ್ನು ಸುಮ್ಮನೆ ತಳ್ಳಿಹಾಕಲಾಗದು. ಆಯುರ್ವೇದದಲ್ಲಿ ಶತಮಾನಗಳಿಂದ ಬಳಕೆಯಲ್ಲಿದೆ, ಸೋರಲೆನ್ ಅದರಲ್ಲೇ ಇದೆ.

ಫೋಟೋಥೆರಪಿ_ಕೋಣೆ:
ತಳ್ಳಿಹಾಕುತ್ತಿಲ್ಲ ಸರ್, ಅದರಲ್ಲಿ ಶಕ್ತಿ ಇರುವುದೇ ತೊಂದರೆ. ಸೋರಲೆನ್ ಹಚ್ಚಿದ ಚರ್ಮ ಬಿಸಿಲಿಗೆ ಬಹಳ ಪಾಲು ಹೆಚ್ಚು ಸುಡುತ್ತದೆ. ಮನೆಯಲ್ಲಿ ಅರೆದ ಲೇಪದಲ್ಲಿ ಎಷ್ಟಿದೆ ಎಂದು ಅಳೆಯಲಾಗದು, ಮಧ್ಯಾಹ್ನದ ಬಿಸಿಲೂ ಅಳತೆಗೆ ಸಿಗದು. ನೀರುಗುಳ್ಳೆ ಎದ್ದು, ಸುಟ್ಟ ಅಂಚಿನಲ್ಲೇ ಕೋಬ್ನರ್‌ನಿಂದ ಮಚ್ಚೆ ಇನ್ನೂ ಅಗಲವಾಗಬಹುದು. ಲೈಟ್ ತೆಗೆದುಕೊಳ್ಳುತ್ತಿರುವವರು ಅದರ ಜೊತೆ ಇದನ್ನು ಹಚ್ಚಲೇಬಾರದು. ಹಚ್ಚಿದ್ದೀರಾ ಎಂದು ನೇರ ಕೇಳಿದರೆ ಇಲ್ಲ ಎನ್ನುತ್ತಾರೆ. "ಮನೆಯಲ್ಲಿ ದೊಡ್ಡವರು ಏನಾದರೂ ಎಣ್ಣೆ ಕೊಟ್ಟಿದ್ದಾರಾ" ಎಂದು ಕೇಳಿ, ಹೇಳುತ್ತಾರೆ.

ಚರ್ಮ_ವಿಭಾಗ_ನರ್ಸ್:
ಗ್ಯಾರಂಟಿ ಗುಣ ಎಂಬ ಜಾಹೀರಾತುಗಳ ಬಗ್ಗೆಯೂ ತಿಳಿದಿರಲಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಲ್ಯುಕೋಡರ್ಮ (ತೊನ್ನು) ಹೆಸರಿದೆ, ಅದನ್ನು ಗುಣಪಡಿಸುತ್ತೇವೆಂದು ಔಷಧ ಜಾಹೀರಾತು ಮಾಡುವುದೇ ಅಪರಾಧ. ಈ ಒಂದು ಮಾತು ಗೋಡೆ ಮೇಲೆ ಬರೆದರೂ ಉಪಕಾರ.

ಓಟಿ_ಸಿಸ್ಟರ್:
ಶಸ್ತ್ರಚಿಕಿತ್ಸೆ ಬಗ್ಗೆ ಚಿಕ್ಕದಾಗಿ. ಸಾಮಾನ್ಯವಾಗಿ ಒಂದು ವರ್ಷ ಹೊಸ ಮಚ್ಚೆ ಬಾರದೆ, ಹಳೆಯದು ಬೆಳೆಯದೆ ಇದ್ದರೆ ಮಾತ್ರ ಚರ್ಮದ ಕಸಿ. ಮೂರು ತಿಂಗಳಿಗೊಮ್ಮೆ ತೆಗೆದ ಫೋಟೋ ಇದ್ದರೆ ಈ ನಿರ್ಧಾರ ಸುಲಭ. ಒಂದೇ ಗೋಡೆ, ಒಂದೇ ಬೆಳಕು, ಒಂದೇ ದೂರ, ಪಕ್ಕದಲ್ಲಿ ಅಳತೆಪಟ್ಟಿ. ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ, ಸ್ವಂತ ಮೊಬೈಲಿನಲ್ಲಿ ಇಟ್ಟುಕೊಳ್ಳಬೇಡಿ.

ಪಂಚ್ ಕಸಿಯಲ್ಲಿ 1ರಿಂದ 1.5 ಮಿಲಿಮೀಟರ್ ತುಣುಕುಗಳನ್ನು 5ರಿಂದ 10 ಮಿಲಿಮೀಟರ್ ಅಂತರದಲ್ಲಿ ಕೂರಿಸುತ್ತಾರೆ. ದೊಡ್ಡ ತುಣುಕಾದರೆ ಮೇಲೆ ಉಬ್ಬುಬ್ಬಾಗಿ ಉಳಿಯುತ್ತದೆ. ಕಣಗಳ ದ್ರಾವಣದ ವಿಧಾನದಲ್ಲಿ ತೊಡೆಯಿಂದ ತೆಗೆದ ತೆಳು ಚರ್ಮ ತನ್ನ ಹತ್ತು ಪಾಲು ಅಗಲಕ್ಕೆ ಸಾಲುತ್ತದೆ. ಅದನ್ನು ಕಣಗಳನ್ನು ಬಿಡಿಸುವ ಟ್ರಿಪ್ಸಿನ್‌ನಲ್ಲಿ 37 ಡಿಗ್ರಿಯಲ್ಲಿ ಇಡಬೇಕು. ಇನ್‌ಕ್ಯುಬೇಟರ್ ಬಾಗಿಲು ಪದೇ ಪದೇ ತೆಗೆದರೆ ಕಣ ಬಿಡಿಸಿಕೊಳ್ಳುವುದಿಲ್ಲ.

ಕೆಡುವುದು ಹೆಚ್ಚಾಗಿ ಡ್ರೆಸಿಂಗ್ ಜಾರಿದಾಗ. ಸುಮಾರು ಒಂದು ವಾರ ಬಿಚ್ಚಬಾರದು, ನೆನೆಯಬಾರದು. ಮಂಡಿ, ಮೊಣಕೈಯಾದರೆ ಮಡಚದಂತೆ ಪಟ್ಟಿ ಕಟ್ಟಿ. ತುಟಿ, ಕೆನ್ನೆಯಾದರೆ ಮೊದಲ ದಿನಗಳಲ್ಲಿ ಗಂಜಿ, ಮಜ್ಜಿಗೆಯಂಥದ್ದು, ಅಗಿಯುವುದೂ ಹೆಚ್ಚು ಮಾತಾಡುವುದೂ ಬೇಡ. ಬಿಚ್ಚಿದ ದಿನ ಜಾಗ ಕೆಂಪಗೆ ಕಾಣುತ್ತದೆ, ಬಣ್ಣ ಹೊಂದಿಕೊಳ್ಳಲು ತಿಂಗಳುಗಳು ಬೇಕು. ಇದನ್ನು ಆಪರೇಷನ್‌ಗೆ ಮೊದಲೇ ಹೇಳಿರಬೇಕು, ಬಿಚ್ಚುವಾಗ ಅಲ್ಲ.

ವಾರ್ಡ್_ಮಂಗಳೂರು:
ಬೇರೆ ಕಾಯಿಲೆಗೆ ದಾಖಲಾದವರ ಮೈಯಲ್ಲಿ ತೊನ್ನಿದ್ದರೆ? ಕ್ಯಾನುಲಾ ಟೇಪನ್ನು ಎಳೆದು ಕೀಳಬೇಡಿ, ನೀರಿನಿಂದ ಒದ್ದೆ ಮಾಡಿ ನಿಧಾನ ಬಿಡಿಸಿ. ಟೂರ್ನಿಕೆಟ್ (ರಕ್ತ ತೆಗೆಯುವಾಗ ತೋಳಿಗೆ ಬಿಗಿಯುವ ಪಟ್ಟಿ) ಬಟ್ಟೆಯ ಮೇಲೆ ಕಟ್ಟಿ. ಕೇಸ್ ಶೀಟಿನ ಮೇಲೆ ದೊಡ್ಡದಾಗಿ ಬರೆಯುವ, ಪ್ರತ್ಯೇಕ ಹಾಸಿಗೆ ಕೊಡುವ ಅಗತ್ಯ ಎಳ್ಳಷ್ಟೂ ಇಲ್ಲ.

ಆಪ್ತಸಲಹೆ_ನರ್ಸ್:
ಮನಸ್ಸಿನ ಮಾತನ್ನು ಕೊನೆಗೆ ದೂಡಿದ್ದೀರಿ, ಆದರೆ ಹಲವರಿಗೆ ಮಚ್ಚೆಗಿಂತ ಭಾರ ಅದೇ. "ಹೇಗಿದ್ದೀರಿ" ಎಂದರೆ "ಪರವಾಗಿಲ್ಲ" ಎಂದೇ ಉತ್ತರ. ಚರ್ಮದ ಕಾಯಿಲೆಯಿಂದ ಬದುಕಿನ ಮೇಲಾಗುವ ಪರಿಣಾಮ ಅಳೆಯುವ ಡಿಎಲ್‌ಕ್ಯೂಐ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ, 30ಕ್ಕೆ ಅಂಕ. 10 ದಾಟಿದರೆ ತೊಂದರೆ ದೊಡ್ಡದು. ಓದಲು ಬಾರದವರಿಗೆ ಓದಿ ಹೇಳಿ, ಜೊತೆಗೆ ಬಂದವರನ್ನು ಆ ಹೊತ್ತು ಹೊರಗೆ ಕೂರಿಸಿ. ಹೋದ ವಾರ ಯಾವ ಮದುವೆ, ಯಾವ ಹಬ್ಬಕ್ಕೆ ಹೋಗದೆ ಉಳಿದಿರಿ ಎಂದು ಕೇಳಿ. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ಮನೋವೈದ್ಯರಿಗೆ ತೋರಿಸಿ. ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಶಾಲೆಗೆ ಒಂದು ಪತ್ರ ಬರೆಸಿ ಕೊಡಿ: ಅಂಟುವುದಿಲ್ಲ, ಆಟ, ಊಟ, ಬೆಂಚು ಎಲ್ಲರ ಜೊತೆ. ಮದುವೆ ಪ್ರಶ್ನೆಗೆ ಸುಳ್ಳು ಸಮಾಧಾನ ಬೇಡ. ತಂದೆ ಅಥವಾ ತಾಯಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಐದಾರು. ತದ್ರೂಪಿ ಅವಳಿಗಳಲ್ಲೇ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬಂದದ್ದು ಶೇಕಡಾ 23ರಷ್ಟು ಜೋಡಿಗಳಲ್ಲಿ ಮಾತ್ರ. ಅಂಕಿ ಹೇಳಿದರೆ ಜನ ಯೋಚಿಸುತ್ತಾರೆ. "ಏನೂ ಆಗಲ್ಲ" ಎಂದರೆ ನಂಬುವುದಿಲ್ಲ.

ಮರೆಮಾಚುವ ಕ್ರೀಮ್ ಬಳಸುವುದು ಸೋಲಲ್ಲ. ಡೈಹೈಡ್ರಾಕ್ಸಿ ಅಸಿಟೋನ್ ಇರುವ ಲೇಪ ಮೂರರಿಂದ ಐದು ದಿನ ನಿಲ್ಲುತ್ತದೆ, ಮೊದಲು ಒಳತೋಳಿನಲ್ಲಿ ಪರೀಕ್ಷಿಸಿ.

ತಾಲ್ಲೂಕು_ಸಿಸ್ಟರ್:
ಎಲ್ಲರಿಗೂ ನಮಸ್ಕಾರ. ಅಂತರದ ಡೋಸ್ ಪಟ್ಟಿ, ಶನಿವಾರ ಭಾನುವಾರದ ಚೀಟಿ, ಶಾಲೆಯ ಪತ್ರ, ಈ ಮೂರನ್ನು ಕನ್ನಡದಲ್ಲಿ ಒಂದೊಂದು ಹಾಳೆಗೆ ಇಳಿಸುತ್ತಿದ್ದೇನೆ. ಒಂದೇ ಅನುಮಾನ: ಹೊಲದಲ್ಲಿ ಕೆಲಸ ಮಾಡುವವರಿಗೆ ಸನ್‌ಸ್ಕ್ರೀನ್ ಹೇಗೆ ಹೇಳುವುದು, ಅದರ ಬೆಲೆ ನೋಡಿದರೆ ಬಾಯಿ ಬರುವುದಿಲ್ಲ.

ಚರ್ಮ_ವಿಭಾಗ_ನರ್ಸ್:
ಎಸ್‌ಪಿಎಫ್ 30 ಮುಖಕ್ಕೆ, ಕೈಗೆ ಮಾತ್ರ ಸಾಕು ಅಕ್ಕ. ಉಳಿದದ್ದಕ್ಕೆ ತುಂಬುತೋಳಿನ ಒತ್ತು ನೇಯ್ಗೆಯ ಹತ್ತಿ ಅಂಗಿ, ತಲೆಗೆ ಟವೆಲ್. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಬೆರಳು ಆಚೆ ಕಾಣದಿದ್ದರೆ ಸರಿ. ಹನ್ನೊಂದರಿಂದ ಮೂರರವರೆಗೆ ಮರದ ನೆರಳಿನ ಕೆಲಸ. ಲೈಟ್ ತೆಗೆದುಕೊಂಡ ದಿನ ಉಳಿದ ಬಿಸಿಲು ಆದಷ್ಟು ತಪ್ಪಿಸಲು ಹೇಳಿ, ಇಲ್ಲದಿದ್ದರೆ ಮರುದಿನದ ಕೆಂಪು ಯಂತ್ರದ್ದೋ ಹೊಲದ್ದೋ ಗೊತ್ತಾಗದೆ ಡೋಸ್ ಲೆಕ್ಕ ತಪ್ಪುತ್ತದೆ.